‘ಶೇ. 44ರಷ್ಟು ಹೆಚ್ಚು ಅಪಾಯ’ ಎಂದು ಓದಿದ ಮೇಲೆ ಯಾವ ಮಾತ್ರೆ ಬಿಡಬೇಕು?

ಪ್ರಶ್ನೆ: ನನಗೆ 64 ವರ್ಷ. ಮೂರು ವರ್ಷದ ಹಿಂದೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡಿದ್ದೇನೆ. ಈಗ ದಿನವೂ ಆಸ್ಪಿರಿನ್ 75 ಮಿ.ಗ್ರಾಂ., ಅಟೊರ್ವಸ್ಟಾಟಿನ್ 40 ಮಿ.ಗ್ರಾಂ. ಮತ್ತು ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ. ತೆಗೆದುಕೊಳ್ಳುತ್ತೇನೆ. ಈ ಆಸಿಡಿಟಿ ಮಾತ್ರೆಯಿಂದ ಮರೆವಿನ ಕಾಯಿಲೆ ಬರುವ ಅಪಾಯ ಶೇ. 44ರಷ್ಟು ಹೆಚ್ಚುತ್ತದೆ ಎಂದು ಓದಿದಾಗಿನಿಂದ ನೆಮ್ಮದಿಯಿಲ್ಲ. ನನ್ನ ತಾಯಿಗೂ ಕೊನೆಗಾಲದಲ್ಲಿ ಮರೆವಿತ್ತು. ಕೊಲೆಸ್ಟರಾಲ್ ಮಾತ್ರೆಯಿಂದ ಸಕ್ಕರೆ ಕಾಯಿಲೆ ಬರುತ್ತದೆ, ಸ್ನಾಯು ಹಾಳಾಗುತ್ತದೆ ಎಂದೂ ಹೇಳುತ್ತಾರೆ. ನನಗೆ ತೊಡೆ, ಮೀನಖಂಡಗಳಲ್ಲಿ ನೋವಿದೆ. ಯಾರಿಗೂ ಹೇಳದೆ ಹತ್ತು ದಿನ ಆ ಮಾತ್ರೆ ಬಿಟ್ಟೆ, ನೋವು ಇಳಿದಂತೆ ಅನ್ನಿಸಿತು. ಹೃದಯದ ತೊಂದರೆಯೇ ಇಲ್ಲದ ನನ್ನ ಅಣ್ಣ, 72 ವರ್ಷದವರು, ಮುನ್ನೆಚ್ಚರಿಕೆಗೆಂದು ತಾವಾಗಿಯೇ ದಿನಕ್ಕೊಂದು ಆಸ್ಪಿರಿನ್ ನುಂಗುತ್ತಾರೆ. ಕಾಫಿಯನ್ನು ಒಂದು ಕಾಲದಲ್ಲಿ ವಿಷ ಎಂದರು, ಈಗ ಹೃದಯಕ್ಕೆ ಒಳ್ಳೆಯದು ಎನ್ನುತ್ತಾರೆ. ಡಾಕ್ಟರೇ, ಸಂಶೋಧಕರೇ ದಿನಕ್ಕೊಂದು ಮಾತಾಡಿದರೆ ನಾವು ನಂಬುವುದು ಯಾರನ್ನು? ಇವುಗಳಲ್ಲಿ ಯಾವುದನ್ನು ಬಿಡಲಿ?

ಉತ್ತರ: ನಿಮ್ಮ ಪತ್ರವನ್ನು ಓದುವಾಗ ಮರೆವಿನ ಸುದ್ದಿಗಿಂತ ಹೆಚ್ಚಾಗಿ ನನಗೆ ಕಳವಳ ತಂದದ್ದು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದ ಆ ಹತ್ತು ದಿನಗಳು. ಆದ್ದರಿಂದ ತುರ್ತಿನ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಸ್ಟೆಂಟ್ ಇರುವವರು ಆಸ್ಪಿರಿನ್ ಆಗಲಿ, ಸ್ಟಾಟಿನ್ ಗುಂಪಿನ ಕೊಲೆಸ್ಟರಾಲ್ ಮಾತ್ರೆಯಾಗಲಿ ತಮ್ಮಷ್ಟಕ್ಕೆ ತಾವೇ ನಿಲ್ಲಿಸಬಾರದು. ಈಗಲೂ ಬಿಟ್ಟೇ ಇದ್ದರೆ ನಾಳೆಯೇ ನಿಮ್ಮ ಹೃದ್ರೋಗ ತಜ್ಞರಿಗೆ ತಿಳಿಸಿ. ಅವರು ಬೈದಾರೆಂಬ ಸಂಕೋಚ ಬೇಡ. ಮಾತ್ರೆ ಬಿಟ್ಟವರನ್ನು ನಾವು ದಿನನಿತ್ಯ ನೋಡುತ್ತೇವೆ. ಬಿಟ್ಟದ್ದನ್ನು ಹೇಳದೆ ಹೋದಾಗ ಮಾತ್ರ ನಾವು ರಕ್ತಪರೀಕ್ಷೆಯಲ್ಲಿ ಏರಿದ ಕೊಲೆಸ್ಟರಾಲನ್ನು ಕಂಡು ‘ಈ ಪ್ರಮಾಣ ಸಾಲದು’ ಎಂದುಕೊಂಡು ಇನ್ನೊಂದು ಔಷಧವನ್ನು ಸೇರಿಸುವ ಸಾಧ್ಯತೆ ಇರುತ್ತದೆ.

ಇನ್ನು ಆ ಶೇ. 44ರ ವಿಷಯ. ಅದು ಯಾರೋ ಕಟ್ಟಿದ ಸಂಖ್ಯೆಯಲ್ಲ. ಜರ್ಮನಿಯ ಆರೋಗ್ಯ ವಿಮೆಯ ದಾಖಲೆಗಳಿಂದ, 75 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಸುಮಾರು 73,000 ಜನರ ಮಾಹಿತಿಯನ್ನು ತೆಗೆದು ವಿಶ್ಲೇಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅದು ಬರುತ್ತದೆ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಮುಂತಾದ ಆಮ್ಲ ತಗ್ಗಿಸುವ ಮಾತ್ರೆಗಳನ್ನು ನಿಯಮಿತವಾಗಿ ಪಡೆಯುತ್ತಿದ್ದವರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಪತ್ತೆಯಾಗುವ ಪ್ರಮಾಣ, ಪಡೆಯದವರಿಗೆ ಹೋಲಿಸಿದರೆ 1.44 ಪಟ್ಟು ಇತ್ತು. ಓದುಗರ ಮನಸ್ಸಿನಲ್ಲಿ ಇದು ‘ನೂರು ಜನ ಮಾತ್ರೆ ನುಂಗಿದರೆ ನಲವತ್ತನಾಲ್ಕು ಜನಕ್ಕೆ ಮರೆವು’ ಎಂದು ಬದಲಾಗಿಬಿಡುತ್ತದೆ. ವಿದ್ಯಾವಂತರೂ, ಎಷ್ಟೋ ಸಲ ವೈದ್ಯರೂ ಹೀಗೇ ಓದುತ್ತಾರೆ. ಪಟ್ಟುಗಳ ಲೆಕ್ಕಕ್ಕೆ ಬುಡದಲ್ಲೊಂದು ಸಂಖ್ಯೆ ಬೇಕು. ಮಾತ್ರೆ ನುಂಗದವರಲ್ಲಿ ಎಷ್ಟು ಜನಕ್ಕೆ, ಎಷ್ಟು ವರ್ಷದಲ್ಲಿ ಆ ಕಾಯಿಲೆ ಬರುತ್ತಿತ್ತು ಎಂಬುದು ತಿಳಿಯದಿದ್ದರೆ ಒಂದೂವರೆ ಪಟ್ಟು, ಎರಡು ಪಟ್ಟು ಎಂಬ ಮಾತುಗಳಿಂದ ಯಾವ ತೀರ್ಮಾನಕ್ಕೂ ಬರಲಾಗದು.

ಬುಡದ ಸಂಖ್ಯೆಯನ್ನು ಹೇಳದೆ ಬರೀ ಪಟ್ಟುಗಳನ್ನು ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ನಿನಲ್ಲಿ ನಡೆದ ಪ್ರಸಂಗವೊಂದು ವೈದ್ಯಕೀಯ ಪಾಠಗಳಲ್ಲಿ ಈಗಲೂ ಬರುತ್ತದೆ. 1995ರ ಅಕ್ಟೋಬರ್‌ನಲ್ಲಿ ಅಲ್ಲಿಯ ಔಷಧ ಸುರಕ್ಷತಾ ಸಮಿತಿಯು, ಮೂರನೇ ಪೀಳಿಗೆಯ ಗರ್ಭನಿರೋಧಕ ಮಾತ್ರೆಗಳಿಂದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು ಎಚ್ಚರಿಕೆ ನೀಡಿತು. ಸುದ್ದಿ ನಿಜವೇ ಆಗಿತ್ತು. ಆದರೆ ಆ ಎರಡು ಪಟ್ಟಿನ ಹಿಂದೆ ಇದ್ದದ್ದು ಇಷ್ಟು: ಹಳೆಯ ಮಾತ್ರೆಯಲ್ಲಿ ಸುಮಾರು 7,000 ಮಹಿಳೆಯರಲ್ಲಿ ಒಬ್ಬರಿಗೆ ಆಗುತ್ತಿದ್ದ ತೊಂದರೆ ಹೊಸದರಲ್ಲಿ ಇಬ್ಬರಿಗೆ ಆಗುತ್ತಿತ್ತು. ಗಾಬರಿಗೊಂಡ ಸಾವಿರಾರು ಹೆಂಗಸರು ಮಾತ್ರೆಯನ್ನೇ ಬಿಟ್ಟರು. ಅದರ ಮರುವರ್ಷ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜು 13,000 ಗರ್ಭಪಾತಗಳು ಹೆಚ್ಚಾದವು. ಗರ್ಭ ಧರಿಸಿದಾಗ ಮತ್ತು ಹೆರಿಗೆಯ ಆಸುಪಾಸಿನಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಆ ಮಾತ್ರೆಯಿಂದ ಬರುವುದಕ್ಕಿಂತ ಹೆಚ್ಚು ಎಂಬುದನ್ನು ಆ ಗದ್ದಲದಲ್ಲಿ ಬಹಳ ಮಂದಿ ಗಮನಿಸಲಿಲ್ಲ. ಮಾತ್ರೆ ಬಿಡುವುದೂ ಒಂದು ಚಿಕಿತ್ಸೆಯ ತೀರ್ಮಾನವೇ, ಅದಕ್ಕೂ ತನ್ನದೇ ಆದ ಅಪಾಯ ಇರುತ್ತದೆ ಎಂದು ನಾನು ರೋಗಿಗಳಿಗೆ ಹೇಳುವಾಗ ಈ ಪ್ರಸಂಗವೇ ನೆನಪಿಗೆ ಬರುವುದು.

ಜರ್ಮನಿಯ ಅಧ್ಯಯನದ ವಿಚಾರದಲ್ಲಿ ಬುಡದ ಸಂಖ್ಯೆಗಿಂತ ಮೊದಲು ಕೇಳಬೇಕಾದದ್ದು ಇನ್ನೊಂದಿದೆ. ಆ ಮಾತ್ರೆ ನುಂಗುತ್ತಿದ್ದವರು ಎಂಥವರು? ಎಪ್ಪತ್ತೈದು ದಾಟಿದವರಿಗೆ ವೈದ್ಯರು ಸಾಮಾನ್ಯವಾಗಿ ಸುಮ್ಮನೆ ಆಸಿಡಿಟಿ ಮಾತ್ರೆ ಶುರುಮಾಡುವುದಿಲ್ಲ. ಹೃದ್ರೋಗಕ್ಕೆ, ಕೀಲುನೋವಿಗೆ, ಪಾರ್ಶ್ವವಾಯು ಆದ ಮೇಲೆ, ಹತ್ತಾರು ಮಾತ್ರೆ ನುಂಗಿ ಹೊಟ್ಟೆ ಕೆಟ್ಟಾಗ ಬರೆಯುತ್ತಾರೆ. ಇವುಗಳಲ್ಲಿ ಕೆಲವು ಮೆದುಳಿನ ರಕ್ತನಾಳಗಳ ತೊಂದರೆಯೊಂದಿಗೆ ಸೇರಿ ಮರೆವಿನ ಸಂಭವವನ್ನೂ ಹೆಚ್ಚಿಸುವಂಥವು. ಅಲ್ಲದೆ ಮೇಲಿಂದ ಮೇಲೆ ಆಸ್ಪತ್ರೆಗೆ ಹೋಗುವವರಲ್ಲಿ ಮರೆವಿನ ಕಾಯಿಲೆ ಬೇಗ ಪತ್ತೆಯೂ ಆಗುತ್ತದೆ. ಸಂಶೋಧಕರಿಗೆ ಇದು ತಿಳಿಯದ್ದೇನಲ್ಲ. ವಯಸ್ಸು, ಸಕ್ಕರೆ ಕಾಯಿಲೆ, ಖಿನ್ನತೆ ಮುಂತಾದವುಗಳ ಪ್ರಭಾವವನ್ನು ಲೆಕ್ಕದಿಂದ ಕಳೆದೇ ಅವರು ಫಲಿತಾಂಶವನ್ನು ಕೊಡುತ್ತಾರೆ. ಆದರೆ ದಾಖಲೆಯಲ್ಲಿ ಬರೆದಿರುವುದನ್ನು ಮಾತ್ರ ಕಳೆಯಬಹುದು. ವಿಮೆಯ ಕಡತದಲ್ಲಿ ಆ ಮನುಷ್ಯ ಎಷ್ಟು ಓದಿದ್ದಾನೆ, ಏನು ಉಣ್ಣುತ್ತಾನೆ, ದಿನಕ್ಕೆ ಎಷ್ಟು ನಡೆಯುತ್ತಾನೆ ಎಂಬುದು ಸಿಗುವುದಿಲ್ಲ.

ಹೀಗೆ ಕಣ್ಣಿಗೆ ಕಾಣದ ವ್ಯತ್ಯಾಸಗಳು ಎಷ್ಟು ದೊಡ್ಡದಿರಬಹುದು ಎಂಬುದನ್ನು ನಾನು ಯುವ ವೈದ್ಯರಿಗೆ ತೋರಿಸುವುದು ಅಮೆರಿಕದ ಹಳೆಯ ಪ್ರಯೋಗವೊಂದರ ಮೂಲಕ. ಹೃದಯಾಘಾತ ಆಗಿದ್ದ ಗಂಡಸರಿಗೆ ಕ್ಲೋಫೈಬ್ರೇಟ್ ಎಂಬ ಔಷಧವನ್ನು ಕೊಟ್ಟು ಪರೀಕ್ಷಿಸಿದ ಆ ಪ್ರಯೋಗದ ಹೆಸರು ಕೊರೊನರಿ ಡ್ರಗ್ ಪ್ರಾಜೆಕ್ಟ್. ಅದರ ಒಂದು ವಿಶ್ಲೇಷಣೆ 1980ರಲ್ಲಿ ಪ್ರಕಟವಾಯಿತು. ಕೊಟ್ಟ ಮಾತ್ರೆಗಳಲ್ಲಿ ಶೇ. 80 ಅಥವಾ ಅದಕ್ಕಿಂತ ಹೆಚ್ಚನ್ನು ತಪ್ಪದೆ ನುಂಗಿದವರಲ್ಲಿ ಐದು ವರ್ಷದೊಳಗೆ ತೀರಿಕೊಂಡವರು ಶೇ. 15, ಸರಿಯಾಗಿ ನುಂಗದವರಲ್ಲಿ ಶೇ. 24.6. ಇಷ್ಟನ್ನೇ ನೋಡಿದವರು ಕ್ಲೋಫೈಬ್ರೇಟ್ ಜೀವ ಉಳಿಸುವ ಔಷಧ ಎಂದು ಸಾರಿಬಿಡುತ್ತಿದ್ದರು. ಆದರೆ ಅದೇ ಪ್ರಯೋಗದಲ್ಲಿ ಔಷಧದ ಸತ್ವವೇ ಇಲ್ಲದ ಪ್ಲಸೀಬೊ ಮಾತ್ರೆ ಪಡೆದವರೂ ಇದ್ದರು. ಅವರಲ್ಲಿ ತಪ್ಪದೆ ನುಂಗಿದವರ ಸಾವಿನ ಪ್ರಮಾಣ ಶೇ. 15.1, ನುಂಗದವರದು ಶೇ. 28.3! ಸತ್ವವಿಲ್ಲದ ಮಾತ್ರೆ ಯಾರ ಆಯುಷ್ಯವನ್ನೂ ಬೆಳೆಸಲಾರದು. ಹೇಳಿದ್ದನ್ನು ಶಿಸ್ತಿನಿಂದ ಪಾಲಿಸುವ ಮನುಷ್ಯ ಬೇರೆ ವಿಷಯಗಳಲ್ಲೂ ಬೇರೆಯೇ ಆಗಿರುತ್ತಾನೆ, ಮಾತ್ರೆ ನುಂಗಲಾರದಷ್ಟು ಹದಗೆಟ್ಟವನು ಮೊದಲೇ ಹೆಚ್ಚು ಕಾಯಿಲೆಯವನಾಗಿರುತ್ತಾನೆ. ವಿಟಮಿನ್ ನುಂಗುವವರು, ಬೆಳಿಗ್ಗೆ ಬೇಗ ಏಳುವವರು, ಇಂಥದ್ದನ್ನೇ ತಿನ್ನುವವರು ಹೆಚ್ಚು ಬದುಕುತ್ತಾರೆ ಎಂಬ ಸುದ್ದಿ ಕಂಡಾಗಲೆಲ್ಲ ನನಗೆ ಈ 15.1 ಮತ್ತು 28.3 ನೆನಪಾಗುತ್ತವೆ.

ಈ ಗೊಂದಲವನ್ನು ಬಿಡಿಸುವ ದಾರಿಯೆಂದರೆ ಯಾರಿಗೆ ಔಷಧ, ಯಾರಿಗೆ ಪ್ಲಸೀಬೊ ಎಂಬುದನ್ನು ವೈದ್ಯರ ಅಥವಾ ರೋಗಿಯ ಆಯ್ಕೆಗೆ ಬಿಡದೆ, ಚೀಟಿ ಎತ್ತುವ ಹಾಗೆ ಯಾದೃಚ್ಛಿಕವಾಗಿ ಹಂಚುವುದು. ಆಗ ಕಾಣುವ ಮತ್ತು ಕಾಣದ ವ್ಯತ್ಯಾಸಗಳೆಲ್ಲ ಎರಡೂ ಗುಂಪಿಗೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗುತ್ತವೆ. ನಿಮ್ಮ ಅದೃಷ್ಟಕ್ಕೆ ಪ್ಯಾಂಟೊಪ್ರಜೋಲ್ ವಿಷಯದಲ್ಲಿ ಅಂಥ ಪ್ರಯೋಗ ನಡೆದಿದೆ, ಅದೂ ಬಹುಮಟ್ಟಿಗೆ ನಿಮ್ಮಂಥವರಲ್ಲೇ. ಕಂಪಾಸ್ ಎಂಬ ಹೆಸರಿನ ಆ ಪ್ರಯೋಗದಲ್ಲಿ, ಹೃದಯದ ಅಥವಾ ಕಾಲಿನ ರಕ್ತನಾಳಗಳ ಕಾಯಿಲೆಯಿದ್ದು ಆಸ್ಪಿರಿನ್, ಇಲ್ಲವೇ ರಿವರಾಕ್ಸಬಾನ್ ಎಂಬ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧ, ಅಥವಾ ಎರಡನ್ನೂ ತೆಗೆದುಕೊಳ್ಳುತ್ತಿದ್ದ 17,598 ಜನರಲ್ಲಿ ಅರ್ಧದಷ್ಟು ಮಂದಿಗೆ ಪ್ಯಾಂಟೊಪ್ರಜೋಲ್ 40 ಮಿ.ಗ್ರಾಂ., ಉಳಿದವರಿಗೆ ಪ್ಲಸೀಬೊ ಕೊಟ್ಟು ಸುಮಾರು ಮೂರು ವರ್ಷ ಗಮನಿಸಿದರು. 2019ರಲ್ಲಿ ಬಂದ ಫಲಿತಾಂಶದಲ್ಲಿ ಡಿಮೆನ್ಷಿಯಾ, ಮೂಳೆ ಮುರಿತ, ನ್ಯುಮೋನಿಯಾ, ದೀರ್ಘಕಾಲದ ಮೂತ್ರಪಿಂಡದ ಕಾಯಿಲೆ ಯಾವುದರಲ್ಲೂ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸ್ಪಷ್ಟವಾಗಿ ಹೆಚ್ಚಿದ್ದದ್ದು ಕರುಳಿನ ಸೋಂಕು ಮಾತ್ರ: ಸಾವಿರಕ್ಕೆ 10 ಇದ್ದದ್ದು 14 ಆಗಿತ್ತು. ಹೊಟ್ಟೆಯ ಆಮ್ಲ ನಾವು ನುಂಗುವ ರೋಗಾಣುಗಳನ್ನು ಕೊಲ್ಲುವ ಕೆಲಸವನ್ನೂ ಮಾಡುವುದರಿಂದ ಈ ಹೆಚ್ಚಳ ನಂಬಬಹುದಾದದ್ದೇ.

ಮರೆವಿನ ಕಾಯಿಲೆ ಬೆಳೆಯಲು ಹತ್ತಿಪ್ಪತ್ತು ವರ್ಷ ಬೇಕು, ಮೂರು ವರ್ಷದ ಪ್ರಯೋಗ ಸಾಕೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹತ್ತು ವರ್ಷಕ್ಕೆ ಸಲ್ಲುವ ಭರವಸೆಯನ್ನು ಈ ಪ್ರಯೋಗದಿಂದ ಕೊಡಲಾಗದು. ಆದರೆ ಮಾತ್ರೆ ನೇರವಾಗಿ ಮರೆವು ತರುತ್ತದೆ ಎಂಬ ಆತಂಕಕ್ಕೆ ಆಧಾರವಾಗಿದ್ದ ದಾಖಲೆಗಿಂತ ಇದರ ತೂಕ ಹೆಚ್ಚು.

ಇಷ್ಟು ಹೇಳಿದ ಮೇಲೂ, ನಿಮ್ಮ ಮೂರು ಮಾತ್ರೆಗಳಲ್ಲಿ ನಿಜಕ್ಕೂ ಮರುಪರಿಶೀಲನೆಗೆ ಯೋಗ್ಯವಾದದ್ದು ಪ್ಯಾಂಟೊಪ್ರಜೋಲ್ ಒಂದೇ ಎಂಬುದು ನನ್ನ ಅಭಿಪ್ರಾಯ. ಕಾರಣ ಮಾತ್ರ ಬೇರೆ. ಸ್ಟೆಂಟ್ ಹಾಕಿದ ಆರಂಭದ ತಿಂಗಳುಗಳಲ್ಲಿ ಸಾಮಾನ್ಯವಾಗಿ ಆಸ್ಪಿರಿನ್ ಜೊತೆ ಇನ್ನೊಂದು ರಕ್ತ ತೆಳುಗೊಳಿಸುವ ಮಾತ್ರೆಯೂ ಇರುತ್ತದೆ, ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಸಂಭವ ಆಗ ಹೆಚ್ಚು, ಅದನ್ನು ತಡೆಯಲು ಆಮ್ಲ ತಗ್ಗಿಸುವ ಮಾತ್ರೆ ಬರೆಯುತ್ತೇವೆ. ಎರಡನೆಯ ಮಾತ್ರೆ ನಿಂತರೂ ಇದು ಚೀಟಿಯಿಂದ ಚೀಟಿಗೆ ಹಾಗೇ ಮುಂದುವರಿಯುವುದು ನಮ್ಮ ವೃತ್ತಿಯ ಹಳೆಯ ದುರಭ್ಯಾಸ. ನಿಮಗೆ ಹಿಂದೆ ಹೊಟ್ಟೆಹುಣ್ಣು ಅಥವಾ ರಕ್ತಸ್ರಾವ ಆಗಿದ್ದರೆ, ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳನ್ನೋ ಸ್ಟಿರಾಯ್ಡನ್ನೋ ಆಗಾಗ ತೆಗೆದುಕೊಳ್ಳುತ್ತಿದ್ದರೆ, ಅದನ್ನು ಮುಂದುವರಿಸುವುದೇ ಕ್ಷೇಮ. ಆಸ್ಪಿರಿನ್ನಿಂದಾಗುವ ರಕ್ತಸ್ರಾವದ ಅಪಾಯ ವಯಸ್ಸಿನೊಂದಿಗೆ ಏರುತ್ತಾ ಹೋಗಿ, 75 ದಾಟಿದವರಲ್ಲಿ ಬಹಳ ಹೆಚ್ಚು ಎಂಬುದನ್ನೂ ನೆನಪಿಡಬೇಕು. ಇವ್ಯಾವುವೂ ಇಲ್ಲದಿದ್ದರೆ ಪ್ರಮಾಣವನ್ನು 20 ಮಿ.ಗ್ರಾಂ.ಗೆ ಇಳಿಸಬಹುದೇ, ಕ್ರಮೇಣ ನಿಲ್ಲಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಹುಣ್ಣಿಗೆ ಕಾರಣವಾಗುವ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಹೊಟ್ಟೆಯಲ್ಲಿ ಇದೆಯೇ ಎಂದು ನೋಡಿ ಅದಕ್ಕೆ ಚಿಕಿತ್ಸೆ ಕೊಡುವುದೂ ಒಂದು ದಾರಿ. ಕಂಪಾಸ್ ಪ್ರಯೋಗದಲ್ಲೂ ಪ್ಯಾಂಟೊಪ್ರಜೋಲ್‌ನಿಂದ ಮೇಲ್ಭಾಗದ ಜೀರ್ಣಾಂಗದ ಒಟ್ಟು ರಕ್ತಸ್ರಾವವೇನೂ ಗಣನೀಯವಾಗಿ ಇಳಿಯಲಿಲ್ಲ, ಜಠರ ಮತ್ತು ಸಣ್ಣ ಕರುಳಿನ ಮೊದಲ ಭಾಗದ ಹುಣ್ಣುಗಳಿಂದಾಗುವ ರಕ್ತಸ್ರಾವ ಮಾತ್ರ ಸುಮಾರು ಅರ್ಧಕ್ಕೆ ಇಳಿಯಿತು. ಅಂದರೆ ಹುಣ್ಣಿನ ಸಂಭವ ಹೆಚ್ಚಿರುವವರಿಗೆ ಲಾಭ ಹೆಚ್ಚು, ಉಳಿದವರಿಗೆ ಕಡಿಮೆ.

ನಿಲ್ಲಿಸುವುದಾದರೆ ಒಮ್ಮೆಲೇ ನಿಲ್ಲಿಸಬೇಡಿ. ಇಷ್ಟು ದಿನ ಅದುಮಿಟ್ಟಿದ್ದ ಆಮ್ಲ ಕೆಲವು ವಾರ ಮೊದಲಿಗಿಂತ ಜೋರಾಗಿ ಉಕ್ಕುತ್ತದೆ. ಹೊಟ್ಟೆಯ ತೊಂದರೆಯೇ ಇಲ್ಲದ 120 ಆರೋಗ್ಯವಂತರಲ್ಲಿ ಅರ್ಧ ಜನಕ್ಕೆ ಎಂಟು ವಾರ ಇದೇ ಗುಂಪಿನ ಮಾತ್ರೆ ಕೊಟ್ಟು ನಿಲ್ಲಿಸಿದ ಡೆನ್ಮಾರ್ಕಿನ 2009ರ ಪ್ರಯೋಗದಲ್ಲಿ, ನಿಲ್ಲಿಸಿದ ಮೇಲೆ ಶೇ. 44 ಮಂದಿಗೆ ಎದೆಯುರಿ, ಹುಳಿತೇಗು ಮುಂತಾದವು ಕಾಣಿಸಿಕೊಂಡವು. ಪ್ಲಸೀಬೊ ಗುಂಪಿನಲ್ಲಿ ಶೇ. 15. (ಇಲ್ಲೂ 44 ಬಂದಿರುವುದು ಬರೀ ಕಾಕತಾಳೀಯ, ಆದರೆ ಈ 44 ನಿಜಕ್ಕೂ ನೂರಕ್ಕೆ ನಲವತ್ತನಾಲ್ಕು ಜನ.) ಇದನ್ನು ಅರಿಯದವರು ‘ಮಾತ್ರೆಯಿಲ್ಲದೆ ನನಗಾಗುವುದೇ ಇಲ್ಲ’ ಎಂದುಕೊಂಡು ಮತ್ತೆ ಅದಕ್ಕೇ ಮರಳುತ್ತಾರೆ. ಇನ್ನೊಂದು ಪರೀಕ್ಷೆಯನ್ನು ತಪ್ಪದೆ ಮಾಡಿಸಿ: ವಿಟಮಿನ್ ಬಿ12. ಆಹಾರದಲ್ಲಿರುವ ಬಿ12 ಬಿಡಿಸಿಕೊಳ್ಳಲು ಆಮ್ಲ ಬೇಕು. ವರ್ಷಗಟ್ಟಲೆ ಈ ಮಾತ್ರೆ ನುಂಗುವವರಲ್ಲಿ ಅದರ ಕೊರತೆ ಹೆಚ್ಚಾಗಿ ಕಾಣುತ್ತದೆ, ಕೊರತೆ ತೀವ್ರವಾದರೆ ಕೈಕಾಲು ಜೋಮು, ಮರೆವು, ಗೊಂದಲ ಎಲ್ಲ ಬರಬಹುದು. ಸಕಾಲದಲ್ಲಿ ಗುರುತಿಸಿದರೆ ಇದು ಸುಲಭವಾಗಿ ಸರಿಹೋಗುವಂಥದ್ದು.

ಅಟೊರ್ವಸ್ಟಾಟಿನ್ ಬಗ್ಗೆ ನೀವು ಕೇಳಿರುವ ಎರಡು ಮಾತುಗಳಲ್ಲಿ ಒಂದು ನಿಜ, ಇನ್ನೊಂದು ಬಹುಪಾಲು ಅಲ್ಲ. ಸಕ್ಕರೆ ಕಾಯಿಲೆಯ ಸಂಭವವನ್ನು ಸ್ಟಾಟಿನ್ ಸ್ವಲ್ಪ ಹೆಚ್ಚಿಸುತ್ತದೆ ಎಂಬುದು ಯಾದೃಚ್ಛಿಕ ಪ್ರಯೋಗಗಳಲ್ಲೇ ಸಾಬೀತಾಗಿದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ತಕ್ಕಡಿಯ ಒಂದೇ ತಟ್ಟೆಯನ್ನು ನೋಡಿದರೆ ತೂಕ ತಿಳಿಯದು. ಈಗಾಗಲೇ ಹೃದಯಾಘಾತ ಆಗಿರುವ 10,000 ಜನರ ಎಲ್‌ಡಿಎಲ್ ಎಂಬ ‘ಕೆಟ್ಟ’ ಕೊಲೆಸ್ಟರಾಲನ್ನು ಸ್ಟಾಟಿನ್‌ನಿಂದ ಡೆಸಿಲೀಟರಿಗೆ ಸುಮಾರು 77 ಮಿ.ಗ್ರಾಂ.ನಷ್ಟು ಇಳಿಸಿ ಐದು ವರ್ಷ ಹಾಗೇ ಇಟ್ಟರೆ, ಅವರಲ್ಲಿ ಸುಮಾರು 1,000 ಜನ ಮತ್ತೊಂದು ಹೃದಯಾಘಾತ, ಪಾರ್ಶ್ವವಾಯು ಅಥವಾ ರಕ್ತನಾಳದ ಶಸ್ತ್ರಚಿಕಿತ್ಸೆಯಿಂದ ಪಾರಾಗುತ್ತಾರೆ ಎಂದು ಪ್ರಯೋಗಗಳ ಒಟ್ಟು ಸಾಕ್ಷ್ಯವನ್ನು ಪರಿಶೀಲಿಸಿದ 2016ರ ಸಮೀಕ್ಷೆ ಹೇಳುತ್ತದೆ. ಅದೇ 10,000 ಜನರಲ್ಲಿ 50ರಿಂದ 100 ಜನಕ್ಕೆ ಹೊಸದಾಗಿ ಸಕ್ಕರೆ ಕಾಯಿಲೆ ಕಾಣಿಸಿಕೊಳ್ಳುತ್ತದೆ, 5ರಿಂದ 10 ಜನಕ್ಕೆ ಮೆದುಳಿನಲ್ಲಿ ರಕ್ತಸ್ರಾವವಾಗುತ್ತದೆ, ಸುಮಾರು 5 ಜನಕ್ಕೆ ಸ್ನಾಯುವಿಗೆ ನಿಜವಾದ ಹಾನಿಯಾಗುತ್ತದೆ. ಹೀಗೆ ಸಕ್ಕರೆ ಬಂದವರಲ್ಲಿ ಹೆಚ್ಚಿನವರು ಮೊದಲೇ ಅದರ ಅಂಚಿನಲ್ಲಿದ್ದವರು. ಹೃದಯದ ಕಾಯಿಲೆಯೇ ಇಲ್ಲದ, ಅಪಾಯವೂ ಕಡಿಮೆಯಿರುವ ನಲವತ್ತರ ವ್ಯಕ್ತಿ ಇದೇ ಪ್ರಶ್ನೆ ಕೇಳಿದ್ದರೆ ನನ್ನ ಉತ್ತರ ಇಷ್ಟು ಖಚಿತವಾಗಿರುತ್ತಿರಲಿಲ್ಲ, ಏಕೆಂದರೆ ಆತನ ಪಾಲಿಗೆ ಆ 1,000 ಎಂಬ ಸಂಖ್ಯೆ ತೀರ ಕೆಳಗಿಳಿಯುತ್ತದೆ, ಹಾನಿಯ ಲೆಕ್ಕ ಅಷ್ಟಾಗಿ ಇಳಿಯುವುದಿಲ್ಲ.

ಸ್ನಾಯುನೋವಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ನೋವು ಕಲ್ಪನೆ ಎಂದು ನಾನು ಹೇಳುತ್ತಿಲ್ಲ. ನೋವು ನಿಜ, ಅದು ಎಲ್ಲಿಂದ ಬಂತು ಎಂಬುದಷ್ಟೇ ಪ್ರಶ್ನೆ. ಅರವತ್ತು ದಾಟಿದವರಲ್ಲಿ ಕಾಲುನೋವು ಬಹಳ ಸಾಮಾನ್ಯ. ಸ್ಟಾಟಿನ್ ಪ್ರಯೋಗಗಳ ಮಾಹಿತಿಯನ್ನೆಲ್ಲ ಒಟ್ಟುಗೂಡಿಸಿ 2022ರಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ, ಸ್ನಾಯುನೋವು ಅಥವಾ ನಿಶ್ಶಕ್ತಿ ಇದೆ ಎಂದವರು ಸ್ಟಾಟಿನ್ ಗುಂಪಿನಲ್ಲಿ ಶೇ. 27.1, ಪ್ಲಸೀಬೊ ಗುಂಪಿನಲ್ಲಿ ಶೇ. 26.6. ಇದಕ್ಕಿಂತಲೂ ಕುತೂಹಲಕಾರಿಯಾದದ್ದು 2020ರಲ್ಲಿ ಪ್ರಕಟವಾದ, ಬ್ರಿಟನ್ನಿನಲ್ಲಿ ನಡೆದ ಸ್ಯಾಮ್ಸನ್ ಎಂಬ ಪುಟ್ಟ ಪ್ರಯೋಗ. ಅಡ್ಡಪರಿಣಾಮ ತಾಳಲಾರದೆ ಸ್ಟಾಟಿನ್ ಬಿಟ್ಟಿದ್ದ 60 ಜನರಿಗೆ ಹನ್ನೆರಡು ಸೀಸೆ ಕೊಟ್ಟರು: ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಪ್ಲಸೀಬೊ, ನಾಲ್ಕು ಖಾಲಿ. ತಿಂಗಳಿಗೊಂದು ಸೀಸೆ, ದಿನವೂ ಬಾಧೆ ಎಷ್ಟಿತ್ತು ಎಂದು ದಾಖಲಿಸಬೇಕು. ಖಾಲಿ ಸೀಸೆಯ ತಿಂಗಳುಗಳಲ್ಲಿ ಬಾಧೆ ಕಡಿಮೆ, ಸ್ಟಾಟಿನ್ ತಿಂಗಳುಗಳಲ್ಲಿ ಹೆಚ್ಚು, ನಿಮ್ಮ ಅನುಭವದ ಹಾಗೆಯೇ. ಆದರೆ ಪ್ಲಸೀಬೊ ತಿಂಗಳುಗಳಲ್ಲೂ ಬಾಧೆ ಹೆಚ್ಚುಕಡಿಮೆ ಅಷ್ಟೇ ಇತ್ತು. ಸ್ಟಾಟಿನ್‌ನಿಂದ ಬಂತೆಂದುಕೊಂಡ ಬಾಧೆಯಲ್ಲಿ ಶೇ. 90ರಷ್ಟು ಸತ್ವವಿಲ್ಲದ ಮಾತ್ರೆಯಿಂದಲೂ ಬರುತ್ತಿತ್ತು. ಕೆಡುಕಾಗುತ್ತದೆ ಎಂಬ ನಿರೀಕ್ಷೆ ಮೈಯಲ್ಲಿ ನಿಜವಾದ ಕೆಡುಕನ್ನೇ ಉಂಟುಮಾಡುವ ಈ ವಿದ್ಯಮಾನವನ್ನು ವೈದ್ಯರು ನೊಸೀಬೊ ಪರಿಣಾಮ ಎನ್ನುತ್ತಾರೆ. ತಮ್ಮದೇ ದಾಖಲೆಯನ್ನು ಕಣ್ಣಾರೆ ಕಂಡ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟಾಟಿನ್ ಶುರುಮಾಡಿದರು.

ನೀವು ಹತ್ತು ದಿನ ಬಿಟ್ಟು ನೋಡಿದ ಪರೀಕ್ಷೆಯಲ್ಲಿ ಇನ್ನೊಂದು ತೊಡಕಿದೆ. ನೋವು ಏರಿಳಿಯುತ್ತಲೇ ಇರುತ್ತದೆ, ನಾವು ಮಾತ್ರೆ ಬಿಡುವುದು ಅದು ಅತಿಯಾದ ದಿನ, ಅಲ್ಲಿಂದ ಅದು ತಾನಾಗಿಯೂ ಇಳಿಯುತ್ತದೆ. ಹಾಗಾಗಿ ಈಗ ಮಾಡಬೇಕಾದದ್ದನ್ನು ವೈದ್ಯರ ಜೊತೆಗೂಡಿ ಕ್ರಮವಾಗಿ ಮಾಡಿ. ಸ್ನಾಯು ಹಾನಿಯನ್ನು ತೋರಿಸುವ ಸಿಕೆ ಎಂಬ ರಕ್ತಪರೀಕ್ಷೆ, ಥೈರಾಯ್ಡ್ ಪರೀಕ್ಷೆ ಎರಡನ್ನೂ ಮಾಡಿಸಿ. ಥೈರಾಯ್ಡ್ ಹಾರ್ಮೋನು ಕಡಿಮೆಯಿದ್ದರೆ ಅದರಿಂದಲೇ ಸ್ನಾಯುನೋವು ಬರುತ್ತದೆ, ಸ್ಟಾಟಿನ್ ತೊಂದರೆಯೂ ಆಗ ಹೆಚ್ಚು. ನಡೆದಾಗ ಮಾತ್ರ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಡುವ ನೋವಾದರೆ ಕಾಲಿನ ರಕ್ತನಾಳ ಕಟ್ಟಿರುವ ಸಾಧ್ಯತೆ ಉಂಟು. ಹೃದಯದ ರಕ್ತನಾಳ ಕಟ್ಟಿದವರಲ್ಲಿ ಇದು ಅಪರೂಪವಲ್ಲ, ಆಗ ಸ್ಟಾಟಿನ್ ಬೇಕೇ ಬೇಕು. ಕ್ಲ್ಯಾರಿಥ್ರೊಮೈಸಿನ್‌ನಂಥ ಕೆಲವು ಆಂಟಿಬಯೋಟಿಕ್‌ಗಳು ಅಟೊರ್ವಸ್ಟಾಟಿನ್ ಜೊತೆ ಸೇರಿದರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಇತ್ತೀಚೆಗೆ ಅಂಥದ್ದೇನಾದರೂ ತೆಗೆದುಕೊಂಡಿದ್ದರೆ ಹೇಳಿ. ಪರೀಕ್ಷೆಗಳು ಸರಿಯಿದ್ದೂ ನೋವು ಮುಂದುವರಿದರೆ ಪ್ರಮಾಣ ತಗ್ಗಿಸುವುದು, ರೊಸುವಸ್ಟಾಟಿನ್‌ನಂಥ ಬೇರೆ ಸ್ಟಾಟಿನ್‌ಗೆ ಬದಲಿಸುವುದು, ಕಡಿಮೆ ಪ್ರಮಾಣದ ಸ್ಟಾಟಿನ್ ಜೊತೆ ಎಜೆಟಿಮೈಬ್ ಎಂಬ ಬೇರೆ ಬಗೆಯ ಕೊಲೆಸ್ಟರಾಲ್ ಮಾತ್ರೆಯನ್ನು ಸೇರಿಸುವುದು ಇವೆಲ್ಲ ಇವೆ. ಯಾವುದನ್ನು ಆರಿಸಿದರೂ ಎಲ್‌ಡಿಎಲ್ ಎಷ್ಟಕ್ಕೆ ನಿಂತಿದೆ ಎಂಬುದನ್ನು ಕೆಲವು ವಾರದ ನಂತರ ನೋಡಲೇಬೇಕು. ಒಂದು ಎಚ್ಚರಿಕೆ ಮಾತ್ರ: ತೀವ್ರ ನೋವಿನ ಜೊತೆ ಕೂತಲ್ಲಿಂದ ಏಳಲಾಗದಷ್ಟು ನಿಶ್ಶಕ್ತಿ ಬಂದರೆ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ, ಸ್ಟಾಟಿನ್ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ತೀರ ವಿರಳವಾದ ನಿಜವಾದ ಸ್ನಾಯು ನಾಶದ ಲಕ್ಷಣ ಅದು.

ನಿಮ್ಮ ಅಣ್ಣನವರ ಆಸ್ಪಿರಿನ್ ವಿಷಯ. ಒಂದೇ ಮಾತ್ರೆ ತಮ್ಮನಿಗೆ ಬೇಕು, ಅಣ್ಣನಿಗೆ ಬೇಡ ಎಂದರೆ ವಿಚಿತ್ರವೆನಿಸಬಹುದು. ಈಗಾಗಲೇ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿರುವವರಲ್ಲಿ ಗಂಭೀರ ತೊಂದರೆ ಮರುಕಳಿಸುವ ಪ್ರಮಾಣ ವರ್ಷಕ್ಕೆ ಶೇ. 8.2 ಇದ್ದದ್ದನ್ನು ಆಸ್ಪಿರಿನ್ ಶೇ. 6.7ಕ್ಕೆ ಇಳಿಸುತ್ತದೆ ಎಂದು 2009ರಲ್ಲಿ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದಾಗ ಕಂಡುಬಂತು. ನೀವು ಈ ಗುಂಪಿನವರು. ಆದರೆ ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ ಹೃದ್ರೋಗವಿಲ್ಲದ 19,114 ಹಿರಿಯರಲ್ಲಿ, ಬಹುತೇಕ 70 ದಾಟಿದವರಲ್ಲಿ, ನಡೆದ ಆಸ್ಪ್ರೀ ಎಂಬ ಪ್ರಯೋಗದ ಫಲಿತಾಂಶ 2018ರಲ್ಲಿ ಬಂದಾಗ, ಸುಮಾರು ಐದು ವರ್ಷದಲ್ಲಿ ಹೃದಯಕ್ಕೆ ಹೇಳಿಕೊಳ್ಳುವ ಲಾಭವೇನೂ ಕಾಣಲಿಲ್ಲ. ಗಂಭೀರ ರಕ್ತಸ್ರಾವ ಮಾತ್ರ ಶೇ. 2.8ರಿಂದ ಶೇ. 3.8ಕ್ಕೆ, ಅಂದರೆ ಸಾವಿರಕ್ಕೆ 28ರಿಂದ 38ಕ್ಕೆ ಏರಿತು. ತಡೆಯಬೇಕಾದ ಅಪಾಯವೇ ಸಣ್ಣದಿದ್ದಾಗ ಔಷಧದ ಹಾನಿ ಮೇಲಾಗಿಬಿಡುತ್ತದೆ. ಅಣ್ಣನವರು ಆದಷ್ಟು ಬೇಗ ವೈದ್ಯರನ್ನು ಕಾಣಲಿ. ಯಾರೂ ಹೇಳದ ಹಳೆಯ ರಕ್ತನಾಳದ ಕಾಯಿಲೆ ಏನೂ ಇಲ್ಲವೆಂದು ಖಚಿತವಾದರೆ ಅವರು ಅದನ್ನು ನಿಲ್ಲಿಸುವಂತೆ ಹೇಳುವ ಸಂಭವವೇ ಹೆಚ್ಚು. ಮಲ ಟಾರಿನಂತೆ ಕಪ್ಪಾಗಿದ್ದರೆ ಅದು ಹೊಟ್ಟೆಯಲ್ಲಿ ರಕ್ತಸ್ರಾವದ ಲಕ್ಷಣವಿರಬಹುದು, ಕಾಯುವುದು ಬೇಡ.

ಸಂಶೋಧಕರು ದಿನಕ್ಕೊಂದು ಹೇಳುತ್ತಾರೆ ಎಂಬ ನಿಮ್ಮ ಬೇಸರದಲ್ಲಿ ಸತ್ಯವಿದೆ, ಆದರೆ ಬಹುಪಾಲು ಸಂದರ್ಭಗಳಲ್ಲಿ ಅದರ ಹಿಂದೆ ಸುಳ್ಳಿಲ್ಲ. ಮುಟ್ಟು ನಿಂತ ಮಹಿಳೆಯರಿಗೆ ಹಾರ್ಮೋನು ಚಿಕಿತ್ಸೆ ಹೃದಯವನ್ನು ಕಾಪಾಡುತ್ತದೆ ಎಂದು ದಶಕಗಳ ವೀಕ್ಷಣಾ ಅಧ್ಯಯನಗಳು (ಔಷಧವನ್ನು ಚೀಟಿ ಎತ್ತಿ ಹಂಚದೆ, ಜನರನ್ನು ಇದ್ದಂತೆ ಗಮನಿಸುವ ಅಧ್ಯಯನಗಳು) ಹೇಳಿದ್ದವು; 16,608 ಮಹಿಳೆಯರಲ್ಲಿ ನಡೆದ ಯಾದೃಚ್ಛಿಕ ಪ್ರಯೋಗವನ್ನು 2002ರಲ್ಲಿ ಅವಧಿಗೆ ಮುನ್ನ ನಿಲ್ಲಿಸಬೇಕಾಯಿತು, ಹೃದಯದ ತೊಂದರೆ ಕಡಿಮೆಯಾಗುವ ಬದಲು ವರ್ಷಕ್ಕೆ 10,000 ಮಹಿಳೆಯರಲ್ಲಿ 7ರಷ್ಟು ಹೆಚ್ಚಾಗಿತ್ತು. ಹಾಗೆಂದು ವೀಕ್ಷಣಾ ಅಧ್ಯಯನಗಳನ್ನೆಲ್ಲ ಕಸದ ಬುಟ್ಟಿಗೆ ಹಾಕುವಂತಿಲ್ಲ. ಧೂಮಪಾನ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂಬುದು ತಿಳಿದದ್ದು ಅವುಗಳಿಂದಲೇ. ಬ್ರಿಟಿಷ್ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಹಿಂಬಾಲಿಸಿದ ಅಧ್ಯಯನ, ಜೀವನವಿಡೀ ಸೇದಿದವರು ಸರಾಸರಿ ಹತ್ತು ವರ್ಷ ಮೊದಲೇ ಸಾಯುತ್ತಾರೆ ಎಂದು ತೋರಿಸಿತು. ಅಲ್ಲಿ ಕ್ಯಾನ್ಸರಿನ ಅಪಾಯ ಒಂದೂವರೆ ಪಟ್ಟಲ್ಲ, ಹತ್ತು ಪಟ್ಟಿಗೂ ಮಿಗಿಲು. ಹೆಚ್ಚು ಸೇದಿದರೆ ಹೆಚ್ಚು, ಬಿಟ್ಟರೆ ಇಳಿಯುತ್ತಿತ್ತು. ಅಷ್ಟು ದೊಡ್ಡ, ಅಷ್ಟು ಕ್ರಮಬದ್ಧವಾದ ವ್ಯತ್ಯಾಸವನ್ನು ಬೇರೆ ಯಾವ ಕಾಣದ ಕಾರಣದಿಂದಲೂ ವಿವರಿಸಲಾಗದು. ಶೇ. 20, ಶೇ. 40ರ ಹೆಚ್ಚಳಗಳನ್ನು ಸುಲಭವಾಗಿ ವಿವರಿಸಬಹುದು.

ಕಾಫಿ ಈ ಎರಡನೆಯ ಗುಂಪಿಗೆ ಸೇರಿದ್ದು. 1981ರಲ್ಲಿ ಅಮೆರಿಕದ ಅಧ್ಯಯನವೊಂದು ಕಾಫಿಗೂ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೂ ನಂಟಿದೆ ಎಂದು ಹೇಳಿ ದೊಡ್ಡ ಸುದ್ದಿಯಾಯಿತು. ಹೋಲಿಕೆಗೆ ಆರಿಸಿಕೊಂಡಿದ್ದ ಬೇರೆ ರೋಗಿಗಳಲ್ಲಿ ಹೊಟ್ಟೆಯ ತೊಂದರೆಯವರು ಬಹಳ ಮಂದಿ ಇದ್ದರು, ಅವರು ಆ ತೊಂದರೆಯಿಂದಾಗಿಯೇ ಕಾಫಿ ಕಡಿಮೆ ಮಾಡಿದ್ದರು ಎಂಬುದನ್ನು ಟೀಕಾಕಾರರು ಎತ್ತಿ ತೋರಿಸಿದರು. ಮುಂದಿನ ಅಧ್ಯಯನಗಳಲ್ಲಿ ಆ ನಂಟು ಸಮರ್ಥನೆ ಪಡೆಯಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1991ರಲ್ಲಿ ಕಾಫಿಯ ಮೇಲೆ ಹೊರಿಸಿದ್ದ ಮೂತ್ರಕೋಶದ ಕ್ಯಾನ್ಸರಿನ ಶಂಕೆಯನ್ನು 2016ರಲ್ಲಿ ಹಿಂತೆಗೆದುಕೊಂಡಿತು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳಕ್ಕೆ ಒಳ್ಳೆಯದಲ್ಲ ಎಂಬ ಎಚ್ಚರಿಕೆಯನ್ನಷ್ಟೇ ಅದು ಸೇರಿಸಿತು. ಅಂದಿನ ವಿಷದ ಸುದ್ದಿಯನ್ನು ಅನುಮಾನಿಸಿದ ಕಾರಣಗಳಿಂದಲೇ ಇಂದಿನ ಅಮೃತದ ಸುದ್ದಿಯನ್ನೂ ಅನುಮಾನಿಸುವುದು ನ್ಯಾಯ. ಎರಡು ಮೂರು ಲೋಟ ಕುಡಿಯುವವರು ಆರೋಗ್ಯವಾಗಿದ್ದಾರೆ ಎಂದರೆ, ಕಾಯಿಲೆ ಬಿದ್ದವರು ಕಾಫಿ ಬಿಟ್ಟಿರುವುದೂ ಅದಕ್ಕೊಂದು ಕಾರಣವಿರಬಹುದು. ಔಷಧವೆಂದುಕೊಂಡು ಹೊಸದಾಗಿ ಶುರುಮಾಡುವುದು ಬೇಡ, ಇಷ್ಟಪಟ್ಟು ಕುಡಿಯುತ್ತಿದ್ದರೆ ಭಯದಿಂದ ಬಿಡುವುದೂ ಬೇಡ. ಎದೆಯುರಿ ಅಥವಾ ನಿದ್ದೆಗೇಡು ಆಗುತ್ತಿದ್ದರೆ ಕಡಿಮೆ ಮಾಡಿ. ನಿಮ್ಮ ಎಲ್‌ಡಿಎಲ್ ಇಳಿಯಲು ಸತಾಯಿಸುತ್ತಿದ್ದರೆ ಇನ್ನೊಂದನ್ನು ಗಮನಿಸಿ: ಕಾಫಿ ಪುಡಿಯ ಎಣ್ಣೆಯಂಶದಲ್ಲಿರುವ ಕಫೆಸ್ಟಾಲ್ ಎಂಬ ವಸ್ತು ಕೊಲೆಸ್ಟರಾಲನ್ನು ಏರಿಸುತ್ತದೆ, ಪುಡಿಯನ್ನು ನೀರಿನಲ್ಲಿ ಕುದಿಸಿದ ಕಾಫಿಯಲ್ಲಿ ಅದು ಹೆಚ್ಚಾಗಿರುತ್ತದೆ, ಕಾಗದದ ಫಿಲ್ಟರಿನ ಮೂಲಕ ಇಳಿಸಿದರೆ ಬಹುಪಾಲು ಅದರಲ್ಲೇ ಉಳಿಯುತ್ತದೆ.